ನೆಲದೊಳಗಿನ ಜೀವನ: ಕೃಷ್ಣಾ-ಘಟಪ್ರಭಾ ನಡುನಾಡಿನ ಶಿಲೆಗಳ ಜಲಗುಣ

ಅಮರಕೋಶವು ನೀರಿನ ಪರ್ಯಾಯನಾಮಗಳನ್ನು ಎಣಿಸುವಲ್ಲಿ 'ಜೀವನ'ವೆಂಬ ಶಬ್ದವನ್ನೂ 'ಭುವನ'ವೆಂಬ ಶಬ್ದವನ್ನೂ ಸೇರಿಸಿದೆ. ಬದುಕಿಗೂ ಬದುಕುವ ಲೋಕಕ್ಕೂ ನೀರಿಗೂ ಒಂದೇ ಹೆಸರನ್ನಿಟ್ಟ ಪೂರ್ವಿಕರ ದೃಷ್ಟಿಯು ಕೇವಲ ಕವಿಸಮಯವಲ್ಲ; ಬಯಲುಸೀಮೆಯ ಜನರಿಗೆ ಅದು ದಿನನಿತ್ಯದ ಅನುಭವ. ಉತ್ತರಕ್ಕೆ ಕೃಷ್ಣೆ, ದಕ್ಷಿಣಕ್ಕೆ ಘಟಪ್ರಭೆ, ಈ ಎರಡು ಹೊಳೆಗಳ ನಡುವೆ ಹಬ್ಬಿರುವ ಬನಹಟ್ಟಿ, ರಬಕವಿ, ಜಮಖಂಡಿ, ಮುಧೋಳ, ಬೀಳಗಿಗಳ ನಾಡಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೫೫೦ರಿಂದ ೬೦೦ ಮಿಲಿಮೀಟರು ಮಾತ್ರ. ಹೊಳೆಯ ನೀರು ಮುಟ್ಟದ ಹೊಲಕ್ಕೆ ನೆಲದೊಳಗಿನ ನೀರೇ ಗತಿ.

ಈ ನಾಡಿನಲ್ಲಿ ಪರಸ್ಪರ ವಿರುದ್ಧವಾದ ಎರಡು ಅಳಲುಗಳು ಒಂದೇ ತಾಲೂಕಿನಲ್ಲಿ ಕೇಳಿಬರುತ್ತವೆ. ದಿಬ್ಬದ ಮೇಲಿನ ರೈತನು ನೂರಾರು ಅಡಿ ಕೊಳವೆಬಾವಿ ಕೊರೆಯಿಸಿ, ನೀರು ಕಾಣದೆ ಸಾಲಗಾರನಾಗುತ್ತಾನೆ. ಕಾಲುವೆಯ ಕೆಳಗಿನ ರೈತನ ಎರೆಭೂಮಿಯಲ್ಲಿ ನೀರು ಮೇಲಕ್ಕೇರಿ, ಮಣ್ಣು ಸವಳು-ಜವಳಾಗಿ, ಬಿತ್ತಿದ ಬೀಜವೂ ಹುಟ್ಟದಂತಾಗುತ್ತದೆ. ಒಬ್ಬನನ್ನು ನೀರಿನ ಅಭಾವವೂ ಇನ್ನೊಬ್ಬನನ್ನು ನೀರಿನ ಅತಿರೇಕವೂ ಕೆಡಿಸಿದುವು. ಇದನ್ನು ಹಣೆಬರಹವೆಂದು ಬಿಟ್ಟುಬಿಡುವುದು ಸುಲಭ. ಆದರೆ ಕಾಲಿನ ಕೆಳಗಿರುವ ಶಿಲೆಯ ಎರಡು ಗುಣಗಳನ್ನು ತಿಳಿದುಕೊಂಡರೆ ಈ ಎರಡೂ ಅಳಲುಗಳ ಕಾರಣವು ಗೊತ್ತಾಗುತ್ತದೆ. ಶಿಲೆಯು ಎಷ್ಟು ನೀರನ್ನು ಬಿಟ್ಟುಕೊಡುತ್ತದೆ ಎಂಬುದೊಂದು. ಎಷ್ಟು ಬೇಗ ನೀರನ್ನು ಹರಿಯಗೊಡುತ್ತದೆ ಎಂಬುದು ಇನ್ನೊಂದು. ಅಂತರ್ಜಲಶಾಸ್ತ್ರದ ಬಹುಭಾಗವು ಈ ಎರಡು ಪ್ರಶ್ನೆಗಳ ವಿಸ್ತಾರವೇ ಆಗಿದೆ.

ಪೂರ್ವಿಕರ ವಿಚಾರ

ನೆಲದೊಳಗಿನ ನೀರಿನ ವಿಚಾರವು ಭಾರತೀಯರಿಗೆ ಹೊಸದಲ್ಲ. ಆರನೆಯ ಶತಮಾನದ ವರಾಹಮಿಹಿರನು ತನ್ನ 'ಬೃಹತ್ಸಂಹಿತೆ'ಯಲ್ಲಿ ದಕಾರ್ಗಲವೆಂಬ ಒಂದು ಅಧ್ಯಾಯವನ್ನೇ ಇದಕ್ಕೆ ಮೀಸಲಿಟ್ಟನು. ಮನುಷ್ಯದೇಹದಲ್ಲಿ ಸಿರೆಗಳಿರುವಂತೆ ಭೂಮಿಯಲ್ಲಿಯೂ ಮೇಲೆ ಕೆಳಗೆ ಜಲದ ಸಿರೆಗಳಿವೆಯೆಂದೂ, ಆಕಾಶದಿಂದ ಬೀಳುವಾಗ ಒಂದೇ ರುಚಿಯುಳ್ಳ ನೀರು ಮಣ್ಣಿನ ಭೇದದಿಂದ ನಾನಾ ರುಚಿಯನ್ನು ಪಡೆಯುತ್ತದೆಯೆಂದೂ ಆತನ ಮತ. ಕನ್ನಡದಲ್ಲಿ ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ, ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಇಮ್ಮಡಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ವು ಕೃಷಿ, ವೈದ್ಯ, ಪಾಕಶಾಸ್ತ್ರಗಳೊಡನೆ ಅಂತರ್ಜಲವನ್ನು ಗುರುತಿಸುವ ವಿಚಾರವನ್ನೂ ಒಳಗೊಂಡಿದೆ. ಗಿಡಮರ, ಹುತ್ತ, ಮಣ್ಣಿನ ಬಣ್ಣ ಮುಂತಾದ ಹೊರಗಿನ ಕುರುಹುಗಳಿಂದ ಒಳಗಿನ ನೀರನ್ನು ಊಹಿಸುವುದು ಅವರ ಪದ್ಧತಿ. ಆಳವಿಲ್ಲದ ತೇವವನ್ನು ಗುರುತಿಸುವಲ್ಲಿ ಇಂಥ ಕುರುಹುಗಳು ಸಹಾಯಕವಾಗಬಹುದು. ಆದರೆ ನೀರಿನ ಪ್ರಮಾಣವನ್ನು ಅಳೆಯುವ ಸಾಧನ ಅವರಲ್ಲಿರಲಿಲ್ಲ.

ಜನಸಾಮಾನ್ಯರ ಕನ್ನಡವಂತೂ ಈ ವಿಷಯದಲ್ಲಿ ಬಹು ಸೂಕ್ಷ್ಮವಾದುದು. ಜಿನುಗುವುದು, ಒಸರುವುದು, ಬಸಿಯುವುದು, ಒರತೆ, ಸೆಲೆ, ಬುಗ್ಗೆ ಎಂಬ ಮಾತುಗಳು ಪರಸ್ಪರ ಪರ್ಯಾಯಗಳಲ್ಲ. ಬಾವಿಯ ಗೋಡೆಯ ಮಣ್ಣಿನಿಂದ ಹನಿಹನಿಯಾಗಿ ಬರುವುದು ಜಿನುಗು; ಕಲ್ಲಿನ ಬಿರುಕಿನಿಂದ ನಿಲ್ಲದೆ ಹರಿಯುವುದು ಸೆಲೆ; ಒತ್ತಡದಿಂದ ಮೇಲಕ್ಕೆ ಚಿಮ್ಮುವುದು ಬುಗ್ಗೆ. ಶಾಸ್ತ್ರಜ್ಞರು ಅಂಕಿಗಳಿಂದ ಹೇಳುವ ತಾರತಮ್ಯವನ್ನು ಬಾವಿ ತೋಡುವ ಒಡ್ಡರು ಈ ಶಬ್ದಗಳಿಂದ ಹೇಳುತ್ತಿದ್ದರು.

ಒದ್ದೆ ಸೀರೆಯ ದೃಷ್ಟಾಂತ

ಯಾವ ಮಣ್ಣಿನ ಅಥವಾ ಶಿಲೆಯ ಪದರವು ನೀರನ್ನು ತನ್ನೊಳಗಿಟ್ಟುಕೊಂಡು, ಬಾವಿಗೆ ಬಿಟ್ಟುಕೊಡಲು ಸಮರ್ಥವಾಗಿದೆಯೋ ಅದಕ್ಕೆ ಜಲಧರವೆಂದು ಹೆಸರು. ಅದು ನೆಲದೊಳಗಿನ ಕೆರೆಯಲ್ಲ, ಹೊಳೆಯೂ ಅಲ್ಲ. ಕಣಗಳ ನಡುವಿನ ಸಂದು, ಕಲ್ಲಿನ ಬಿರುಕು, ಪದರ ಪದರಗಳ ನಡುವಣ ಸೀಳು, ಇವುಗಳಲ್ಲಿ ತುಂಬಿಕೊಂಡ ನೀರೇ ಅಂತರ್ಜಲ. ಒಟ್ಟು ಗಾತ್ರದಲ್ಲಿ ಈ ಸಂದುಗಳ ಪಾಲೆಷ್ಟೆಂಬುದಕ್ಕೆ ಸರಂಧ್ರತೆ ಎನ್ನುತ್ತಾರೆ.

ಸಂದಿನಲ್ಲಿರುವ ನೀರೆಲ್ಲವೂ ಕೈಗೆ ಬರುವುದೆಂದು ಭಾವಿಸಬಾರದು. ನೇಕಾರಿಕೆಗೆ ಹೆಸರಾದ ರಬಕವಿ-ಬನಹಟ್ಟಿಗಳಲ್ಲಿ ಇದಕ್ಕೆ ದೃಷ್ಟಾಂತವನ್ನು ದೂರ ಹುಡುಕಬೇಕಾಗಿಲ್ಲ. ನೀರಿನಲ್ಲಿ ಅದ್ದಿದ ಸೀರೆಯನ್ನು ಹಿಂಡದೆ ಹಗ್ಗದ ಮೇಲೆ ನೇತುಹಾಕಿದರೆ, ಮೊದಲು ಧಾರೆಯಾಗಿಯೂ ಆಮೇಲೆ ಹನಿಯಾಗಿಯೂ ಸ್ವಲ್ಪ ನೀರು ತಾನಾಗಿ ಸೋರುತ್ತದೆ. ಹನಿ ನಿಂತ ಮೇಲೆಯೂ ಸೀರೆ ಒದ್ದೆಯಾಗಿಯೇ ಇರುತ್ತದೆ. ಹೀಗೆ ತಾನಾಗಿ ಸೋರಿದ ನೀರು ಶಿಲೆಯ ವಿಶಿಷ್ಟ ಇಳುವರಿಗೆ ಸಮಾನ. ನೂಲಿಗೆ ಅಂಟಿಕೊಂಡು ಉಳಿದ ನೀರು ವಿಶಿಷ್ಟ ಧಾರಣೆಗೆ ಸಮಾನ. ಬಾವಿಗೆ ಬರುವುದು ಮೊದಲನೆಯದು ಮಾತ್ರ. ಎರೆಮಣ್ಣಿನಲ್ಲಿ ಸಂದುಗಳ ಒಟ್ಟು ಪ್ರಮಾಣ ಬಹಳ ಹೆಚ್ಚು. ಆದರೆ ಅವು ಅತಿ ಸೂಕ್ಷ್ಮವಾದುದರಿಂದ ಅದು ನೀರನ್ನು ಹಿಡಿದುಕೊಳ್ಳುತ್ತದೆಯೇ ಹೊರತು ಬಿಡುವುದಿಲ್ಲ. ಹೊಳೆಯ ಮರಳಿನಲ್ಲಿ ಸಂದುಗಳು ದೊಡ್ಡವು. ಅದು ಹಿಡಿದ ನೀರಿನ ಬಹುಭಾಗವನ್ನು ಬಿಟ್ಟುಕೊಡುತ್ತದೆ.

ಎರಡನೆಯ ಗುಣವು ಜಲವಾಹಕತೆ, ಎಂದರೆ ನೀರನ್ನು ಹರಿಯಗೊಡುವ ಶಕ್ತಿ. ಬಿಗಿ ನೇಯ್ಗೆಯ ಬಟ್ಟೆಯಲ್ಲಿ ನೀರು ಮೆಲ್ಲನೆ ಇಳಿಯುತ್ತದೆ. ಜಾಳು ನೇಯ್ಗೆಯಲ್ಲಿ ಬೇಗ ಇಳಿಯುತ್ತದೆ. ೧೮೫೬ರಲ್ಲಿ ಫ್ರಾನ್ಸ್ ದೇಶದ ಹೆನ್ರಿ ಡಾರ್ಸಿ ಎಂಬ ಇಂಜಿನಿಯರನು ದಿಜೋನ್ ನಗರದ ನೀರಿನ ವ್ಯವಸ್ಥೆಯ ಸಂದರ್ಭದಲ್ಲಿ ಮರಳು ತುಂಬಿದ ಕೊಳವೆಯ ಮೂಲಕ ನೀರನ್ನು ಹಾಯಿಸಿ, ಹರಿವಿನ ನಿಯಮವನ್ನು ಪ್ರಕಟಿಸಿದನು. ಕೊಳವೆಯ ಎರಡು ತುದಿಗಳ ನೀರಿನ ಮಟ್ಟದ ಅಂತರ ಇಮ್ಮಡಿಯಾದರೆ ಹರಿವೂ ಇಮ್ಮಡಿ. ಮರಳಿನ ಉದ್ದ ಇಮ್ಮಡಿಯಾದರೆ ಹರಿವು ಅರ್ಧ. ಕೊಳವೆಯ ಅಡ್ಡಳತೆಯ ವಿಸ್ತೀರ್ಣ ಹೆಚ್ಚಿದಂತೆ ಹರಿವೂ ಹೆಚ್ಚು. ಮಟ್ಟದ ಅಂತರವನ್ನು ಉದ್ದದಿಂದ ಭಾಗಿಸಿದರೆ ಇಳುಕಲು ಸಿಗುತ್ತದೆ. ಇಳುಕಲು ಒಂದೇ ಆಗಿದ್ದಾಗ ಹರಿವು ಎಷ್ಟೆಂಬುದನ್ನು ಆ ಪದಾರ್ಥದ ಜಲವಾಹಕತೆ ನಿರ್ಧರಿಸುತ್ತದೆ. ಈ ಜಲವಾಹಕತೆಯನ್ನು ಪದರದ ದಪ್ಪದಿಂದ ಗುಣಿಸಿದರೆ ಬರುವುದು ಜಲಧರದ ವಹನಶಕ್ತಿ. ಬಾವಿಯೊಂದು ದಿನಕ್ಕೆಷ್ಟು ನೀರು ಕೊಡಬಲ್ಲುದೆಂಬುದು ಮುಖ್ಯವಾಗಿ ಇದನ್ನೇ ಅವಲಂಬಿಸಿದೆ.

ಇಲ್ಲಿಯ ಶಿಲೆಗಳು

ಬನಹಟ್ಟಿ, ರಬಕವಿಗಳ ಸುತ್ತಲೂ ಜಮಖಂಡಿ ಭಾಗದ ಬಹು ವಿಸ್ತಾರದಲ್ಲಿಯೂ ಹಾಸಿರುವುದು ಡೆಕ್ಕನ್ ಟ್ರ್ಯಾಪ್ ಎಂದು ಪ್ರಸಿದ್ಧವಾದ ಕಪ್ಪು ಶಿಲೆ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಹೊರಬಿದ್ದ ಲಾವಾರಸವು ಪ್ರವಾಹದ ಮೇಲೆ ಪ್ರವಾಹವಾಗಿ ಹರಡಿ ಹೆಪ್ಪುಗಟ್ಟಿದುದರಿಂದ ಇದು ಒಂದರ ಮೇಲೊಂದು ಒಟ್ಟಿದ ಜೋಳದ ರೊಟ್ಟಿಗಳಂತೆ ಪದರ ಪದರವಾಗಿದೆ. ಪ್ರತಿಯೊಂದು ಪ್ರವಾಹದ ಕೆಳಭಾಗ ಮತ್ತು ನಡುಭಾಗ ಗಟ್ಟಿ ಕಲ್ಲು. ಮೇಲ್ಭಾಗದಲ್ಲಿ ಮಾತ್ರ ಗಾಳಿಗುಳ್ಳೆಗಳು ಸಿಕ್ಕಿಕೊಂಡು ಉಂಟಾದ ಕುಳಿಗಳು. ಕುಳಿಗಳು ಒಂದಕ್ಕೊಂದು ಕೂಡಿಕೊಂಡಿದ್ದರೆ, ಇಲ್ಲವೆ ಶಿಲೆಯು ಸವೆದು ಗರಸಾಗಿದ್ದರೆ, ಅಲ್ಲಿ ನೀರಿಗೆ ಎಡೆಯುಂಟು. ಕುಳಿಗಳು ಪ್ರತ್ಯೇಕವಾಗಿದ್ದು ಬಿಳಿಯ ಖನಿಜದಿಂದ ತುಂಬಿಹೋಗಿದ್ದರೆ, ನೋಡಲಿಕ್ಕೆ ರಂಧ್ರಮಯವಾದರೂ ಅದು ಒಣಗಲ್ಲೇ. ಎರಡು ಪ್ರವಾಹಗಳ ನಡುವೆ ಹಲವೆಡೆ ಕೆಂಪು ಜೇಡಿಯ ತೆಳುಪದರವಿರುತ್ತದೆ. ಅದು ಮೇಲಿನ ನೀರನ್ನು ಕೆಳಗೆ ಸುಲಭವಾಗಿ ಇಳಿಯಗೊಡುವುದಿಲ್ಲ.

ದಕ್ಷಿಣಕ್ಕೆ ಮುಧೋಳ, ಲೋಕಾಪುರ, ಬೀಳಗಿಗಳ ಕಡೆ ಸಾಗಿದಂತೆ ಇದಕ್ಕಿಂತಲೂ ಬಹು ಪ್ರಾಚೀನವಾದ ಕಲಾದಗಿ ಶಿಲಾಸಮುದಾಯವು ತಲೆದೋರುತ್ತದೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ಎಂಬಾತನು ೧೮೭೬ರಲ್ಲಿ ಪ್ರಕಟವಾದ ತನ್ನ ವರದಿಯಲ್ಲಿ ಇವುಗಳನ್ನು ವಿಸ್ತಾರವಾಗಿ ವರ್ಣಿಸಿದನು. ಬೆಣಚುಶಿಲೆ, ಸುಣ್ಣಕಲ್ಲು, ಪದರಗಲ್ಲುಗಳು ಇದರ ಮುಖ್ಯ ಅಂಗಗಳು. ಬೆಣಚುಶಿಲೆಯಲ್ಲಿ ಬಿರುಕಿದ್ದಲ್ಲಿ ಮಾತ್ರ ನೀರು. ಪದರಗಲ್ಲು ಬಹುತೇಕ ಜಿಪುಣ. ಸುಣ್ಣಕಲ್ಲು ವಿಚಿತ್ರ ಸ್ವಭಾವದ್ದು: ಮಳೆನೀರು ಅದನ್ನು ಮೆಲ್ಲಮೆಲ್ಲನೆ ಕರಗಿಸುವುದರಿಂದ ಒಳಗೆ ಪೊಳ್ಳುಗಳಾಗುತ್ತವೆ, ಪೊಳ್ಳಿಗೆ ತಾಗಿದ ಕೊಳವೆಬಾವಿ ಧಾರಾಳ, ಪಕ್ಕದ್ದು ಬರಿದು. ನೆರೆಯವನ ಹೊಲದಲ್ಲಿ ನೀರು ಬಿದ್ದಿತೆಂದು ತನ್ನ ಹೊಲದಲ್ಲಿಯೂ ಬಿದ್ದೇ ಬೀಳುವುದೆಂಬ ನಂಬಿಕೆ ಇಲ್ಲಿ ಎಷ್ಟೋ ಮನೆಗಳನ್ನು ಸಾಲಕ್ಕೆ ತಳ್ಳಿದೆ.

ಬಿಟ್ಟುಕೊಡುವ ನೀರೆಷ್ಟು?

ದೇಶದ ಅಂತರ್ಜಲವನ್ನು ಅಂದಾಜು ಮಾಡುವುದಕ್ಕಾಗಿ ನೇಮಕವಾದ ತಜ್ಞರ ಸಮಿತಿಯು ೧೯೯೭ರಲ್ಲಿ ನಾನಾ ಶಿಲೆಗಳಿಗೆ ವಿಶಿಷ್ಟ ಇಳುವರಿಯ ಪ್ರಮಾಣಗಳನ್ನು ಸೂಚಿಸಿತು. ಹೊಳೆ ತಂದೊಟ್ಟಿದ ಮರಳು ಮಣ್ಣಿಗೆ ಶೇಕಡಾ ೧೬. ಸವೆದ ಅಥವಾ ಕುಳಿಗಳುಳ್ಳ ಕಪ್ಪು ಶಿಲೆಗೆ ಶೇಕಡಾ ೨. ಪೊಳ್ಳಿಲ್ಲದ ಸುಣ್ಣಕಲ್ಲಿಗೂ ಶೇಕಡಾ ೨. ಬೆಣಚುಶಿಲೆಗೆ ಶೇಕಡಾ ೧.೫, ಬಿರುಕು ಕಡಿಮೆಯಿರುವ ಗಟ್ಟಿ ಶಿಲೆಗೆ ಶೇಕಡಾ ೦.೩. ಸ್ಥಳದಲ್ಲಿ ಪರೀಕ್ಷೆ ಮಾಡಿದಾಗ ಇವು ಹೆಚ್ಚುಕಡಿಮೆಯಾಗಬಹುದಾದರೂ ತಾರತಮ್ಯದ ತಿಳಿವಳಿಕೆಗೆ ಸಾಕು.

ಈ ಅಂಕಿಗಳನ್ನು ಎಕರೆಗೆ ಇಳಿಸಿ ನೋಡಬೇಕು. ಒಂದು ಎಕರೆ ಎಂದರೆ ಸುಮಾರು ೪೦೪೭ ಚದರ ಮೀಟರು. ಒಂದು ಎಕರೆಯ ಕೆಳಗೆ ನೀರಿನ ಮಟ್ಟ ಒಂದು ಮೀಟರು ಇಳಿದರೆ, ಗಂಗೆಯ ಬಯಲಿನಂಥ ಮರಳುಭೂಮಿ ಸುಮಾರು ೬ ಲಕ್ಷ ೪೭ ಸಾವಿರ ಲೀಟರು ಕೊಡುತ್ತದೆ. ಇಲ್ಲಿಯ ಸವೆದ ಕಪ್ಪು ಶಿಲೆ ಕೊಡುವುದು ಸುಮಾರು ೮೧ ಸಾವಿರ ಲೀಟರು. ಗಟ್ಟಿ ಶಿಲೆ ಕೊಡುವುದು ೧೨ ಸಾವಿರ ಲೀಟರು ಮಾತ್ರ. ಎಂಟು ಮೀಟರು ಮಟ್ಟ ಇಳಿದಾಗ ಇಲ್ಲಿ ದೊರೆಯುವ ನೀರು, ಆ ಬಯಲಿನಲ್ಲಿ ಒಂದೇ ಮೀಟರಿನಿಂದ ದೊರೆಯುತ್ತದೆಂದ ಮೇಲೆ, ಆ ನಾಡಿನ ಬಾವಿಗಳನ್ನು ಕಂಡು ಈ ನಾಡಿನ ಬೆಳೆಯನ್ನು ನಿರ್ಧರಿಸುವುದು ಅವಿವೇಕವೆಂಬುದು ಸ್ಪಷ್ಟ.

ಕಬ್ಬಿನ ಬೆಳೆಯನ್ನೇ ತೆಗೆದುಕೊಳ್ಳಬಹುದು. ಅದಕ್ಕೆ ಬೆಳವಣಿಗೆಯ ಅವಧಿಯಲ್ಲಿ ೧೫೦೦ರಿಂದ ೨೫೦೦ ಮಿಲಿಮೀಟರು ನೀರು ಬೇಕೆಂದು ಕೃಷಿಶಾಸ್ತ್ರ ಹೇಳುತ್ತದೆ. ನಡುವಿನ ೨೦೦೦ ಮಿಲಿಮೀಟರನ್ನು ಹಿಡಿದು, ಅದರಲ್ಲಿ ೫೦೦ ಮಿಲಿಮೀಟರನ್ನು ಮಳೆಯೇ ಪೂರೈಸಿತೆಂದು ಉದಾರವಾಗಿ ಒಪ್ಪಿಕೊಂಡರೂ ೧೫೦೦ ಮಿಲಿಮೀಟರು ಉಳಿಯಿತು. ಶೇಕಡಾ ೨ರ ಶಿಲೆಯಿಂದ ಅಷ್ಟು ನೀರು ಪಡೆಯಬೇಕಾದರೆ ಆ ಎಕರೆಯ ಕೆಳಗಿನ ಮಟ್ಟವು ೭೫ ಮೀಟರು ಇಳಿಯಬೇಕು. ನೀರು ಬಿಡಬಲ್ಲ ಸವೆದ ಪದರವಾದರೋ ಸಾಮಾನ್ಯವಾಗಿ ಅದರ ಕಾಲುಭಾಗದಷ್ಟೂ ಆಳವಿರುವುದಿಲ್ಲ.

ಪ್ರತಿವರ್ಷ ಮಳೆಯಿಂದ ಮರುಪೂರಣವಾಗುವುದಿಲ್ಲವೇ ಎಂದು ಕೇಳಬಹುದು. ಆಗುತ್ತದೆ. ಅದೇ ಸಮಿತಿಯ ಪ್ರಕಾರ ಬಿದ್ದ ಮಳೆಯಲ್ಲಿ ನೆಲದೊಳಕ್ಕೆ ಇಂಗಿ ಜಲಧರವನ್ನು ಸೇರುವುದು, ಸವೆದ ಕಪ್ಪು ಶಿಲೆಯಲ್ಲಿ ಶೇಕಡಾ ೭. ಕುಳಿಗಳೂ ಬಿರುಕುಗಳೂ ಉಳ್ಳ ಕಪ್ಪು ಶಿಲೆಯಲ್ಲಿ ಶೇಕಡಾ ೧೩. ವರ್ಷದ ಮಳೆ ೫೬೦ ಮಿಲಿಮೀಟರು ಎಂದು ಇಟ್ಟುಕೊಂಡರೆ, ಇಂಗುವುದು ೩೯ರಿಂದ ೭೩ ಮಿಲಿಮೀಟರು. ಹಾಗಾದರೆ ಬಾವಿಯ ನೀರನ್ನೇ ನೆಚ್ಚಿದ ಒಂದು ಎಕರೆ ಕಬ್ಬು, ಸುತ್ತಲಿನ ೨೦ರಿಂದ ೩೮ ಎಕರೆಗಳ ಮೇಲೆ ಬಿದ್ದು ಇಂಗಿದ ವರ್ಷದ ನೀರೆಲ್ಲವನ್ನೂ ಕುಡಿಯುತ್ತದೆ. ಹೊಳೆ, ಕಾಲುವೆಗಳ ನೀರು ಬರುವಲ್ಲಿ ಲೆಕ್ಕ ಬೇರೆ. ಬಾರದಲ್ಲಿ ಇದೇ ಲೆಕ್ಕ. ಊರಿನ ಹತ್ತು ಜನರು ಹೀಗೆ ಬೆಳೆದರೆ ಉಳಿದವರ ಜೋಳಕ್ಕೂ ಕುಡಿಯುವ ಬಾವಿಗೂ ಉಳಿಯುವುದೇನೆಂಬುದನ್ನು ಬಾಲಕನೂ ಲೆಕ್ಕಿಸಬಲ್ಲನು.

ಆಳಕ್ಕಿಳಿದರೆ ನೀರು ಹೆಚ್ಚೇ?

ಎತ್ತು ಕಟ್ಟಿ ಕಪಿಲೆಯಿಂದ ನೀರೆತ್ತುತ್ತಿದ್ದ ಕಾಲದಲ್ಲಿ ಬಾವಿಯ ಆಳಕ್ಕೂ ನೀರೆತ್ತುವ ವೇಗಕ್ಕೂ ಎತ್ತಿನ ಬಲವೇ ಮಿತಿಯಾಗಿತ್ತು. ವಿದ್ಯುತ್ ಪಂಪೂ ಕೊರೆಯುವ ಯಂತ್ರವೂ ಬಂದ ಮೇಲೆ ಆ ಮಿತಿ ಹೋಯಿತು. ಆದರೆ ಶಿಲೆಯ ಮಿತಿ ಹೋಗಲಿಲ್ಲ. ಆಳಕ್ಕಿಳಿದಷ್ಟೂ ಮೇಲಿನ ಭಾರದಿಂದ ಬಿರುಕುಗಳು ಮುಚ್ಚಿಕೊಳ್ಳುತ್ತ, ವಿರಳವಾಗುತ್ತ ಹೋಗುವುದು ಗಟ್ಟಿ ಶಿಲೆಯ ಸಾಮಾನ್ಯ ಧರ್ಮ.

ಇನ್ನೊಂದು ಸಂಗತಿಯೂ ಇಲ್ಲಿ ಗಮನಾರ್ಹ. ಮೇಲೆ ಬಿಗಿಯಾದ ಪದರದಿಂದ ಮುಚ್ಚಿಕೊಂಡ ಆಳದ ಬಿರುಕುಗಳಲ್ಲಿ ನೀರು ಒತ್ತಡಕ್ಕೊಳಗಾಗಿರುತ್ತದೆ. ಕೊಳವೆ ತಾಗಿದೊಡನೆ ಅದು ರಭಸದಿಂದ ಮೇಲೇರುವುದನ್ನು ಕಂಡು, ಕೆಳಗೆ ಅಕ್ಷಯ ನಿಧಿಯಿದೆಯೆಂದು ಜನರು ಸಂತೋಷಪಡುತ್ತಾರೆ. ವಾಸ್ತವದಲ್ಲಿ ಇಂಥ ಜಲಧರವು ಒತ್ತಡ ಇಳಿದಾಗ ಬಿಟ್ಟುಕೊಡುವ ನೀರು ಅತ್ಯಲ್ಪ. ಅದರ ಸಂಗ್ರಹ ಗುಣಾಂಕವು ಸಾವಿರದಲ್ಲಿ ಒಂದು ಭಾಗ ಅಥವಾ ಅದಕ್ಕಿಂತಲೂ ಕಡಿಮೆ. ಮೇಲಿನಿಂದ ಮರುಪೂರಣವೂ ನಿಧಾನ. ಆದುದರಿಂದಲೇ ಮೊದಲ ವರ್ಷ ಉಕ್ಕಿದ ಕೊಳವೆಬಾವಿ ಕೆಲವೇ ವರ್ಷಗಳಲ್ಲಿ ಗಾಳಿಯನ್ನು ಉಗುಳತೊಡಗುತ್ತದೆ. ಉಕ್ಕುವಿಕೆ ಒತ್ತಡದ ಲಕ್ಷಣವೇ ಹೊರತು ಸಮೃದ್ಧಿಯ ಲಕ್ಷಣವಲ್ಲ.

ಬಾವಿಯಿಂದ ನೀರೆತ್ತಿದಾಗ ಸುತ್ತಲಿನ ನೀರಿನ ಮಟ್ಟವು ತಿರುವಿಟ್ಟ ಆಲಿಕೆಯ ಆಕಾರದಲ್ಲಿಯಲ್ಲ, ಬಾಯಿ ಮೇಲಾದ ಆಲಿಕೆಯ ಆಕಾರದಲ್ಲಿ ತಗ್ಗುತ್ತದೆ. ಬಾವಿಯ ಬಳಿ ಇಳಿತ ಹೆಚ್ಚು, ದೂರ ಹೋದಂತೆ ಕಡಿಮೆ. ಪಂಪು ನಡೆದಷ್ಟು ಕಾಲವೂ ಈ ಆಲಿಕೆ ಅಗಲವಾಗುತ್ತ ಹೋಗುತ್ತದೆ. ಎಷ್ಟು ಹೊತ್ತಿಗೆ ಎಷ್ಟು ದೂರದಲ್ಲಿ ಎಷ್ಟು ಇಳಿತವಾಗುವುದೆಂಬ ಗಣಿತವನ್ನು ಅಮೆರಿಕೆಯ ಸಿ.ವಿ. ಥೀಸ್ ಎಂಬ ವಿಜ್ಞಾನಿ ೧೯೩೫ರಲ್ಲಿ ಪ್ರಕಟಿಸಿದನು. ಸಂಗ್ರಹ ಗುಣಾಂಕ ಕಡಿಮೆಯಾದಷ್ಟೂ ಆಲಿಕೆ ಬೇಗ ಹರಡುವುದೆಂದು ಅದರಿಂದ ಸಿದ್ಧವಾಗುತ್ತದೆ. ಇಲ್ಲಿಯ ಶಿಲೆಗೆ ಇದನ್ನು ಅನ್ವಯಿಸಿದರೆ, ಒಬ್ಬನ ಆಳದ ಕೊಳವೆಬಾವಿ ನೆರೆಯವನ ತೆರೆದ ಬಾವಿಯನ್ನು ಬತ್ತಿಸುವುದು ದ್ವೇಷದಿಂದಲ್ಲ, ಶಿಲೆಯ ಧರ್ಮದಿಂದಲೇ ಎಂಬುದು ತಿಳಿಯುತ್ತದೆ. ಹೊಲಕ್ಕೆ ಬದು ಇದೆ. ಹೊಲದ ಕೆಳಗಿನ ನೀರಿಗೆ ಬದು ಇಲ್ಲ. ಕರ್ನಾಟಕ ಸರ್ಕಾರವು ೨೦೧೧ರಲ್ಲಿ ಅಂತರ್ಜಲದ ನಿಯಂತ್ರಣ ಹಾಗೂ ನಿರ್ವಹಣೆಯ ಕಾಯಿದೆಯನ್ನು ತಂದುದಕ್ಕೆ ಈ ತತ್ತ್ವವೇ ಆಧಾರ.

ಸವಳು-ಜವಳಿನ ಕಾರಣ

ಈಗ ಎರಡನೆಯ ಅಳಲನ್ನು ನೋಡಬೇಕು. ಘಟಪ್ರಭೆಯ ನೀರು ಧೂಪದಾಳದ ಒಡ್ಡಿನಿಂದಲೂ ಹಿಡಕಲ್ ಜಲಾಶಯದಿಂದಲೂ ಎಡದಂಡೆ ಕಾಲುವೆಯ ಮೂಲಕ ಈ ಭಾಗಕ್ಕೆ ಬಂದಿದೆ. ಕೃಷ್ಣೆಗೆ ಹಿಪ್ಪರಗಿಯಲ್ಲಿ ಬ್ಯಾರೇಜು ಇದೆ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರೇ ವಂತಿಗೆ ಕೂಡಿಸಿ, ಶ್ರಮವನ್ನೂ ಸೇರಿಸಿ, ೧೯೮೯ರಲ್ಲಿ ಕಟ್ಟಿದ ಬ್ಯಾರೇಜು ನಾಡಿನಲ್ಲೆಲ್ಲ ಹೆಸರಾಯಿತು. ಹೊಳೆಯಲ್ಲಿ ನೀರು ನಿಂತಾಗ ಡಾರ್ಸಿಯ ನಿಯಮವೇ ಅಲ್ಲಿಯೂ ಕೆಲಸ ಮಾಡುತ್ತದೆ. ಬೇಸಿಗೆಯಲ್ಲಿ ದಂಡೆಯ ನೆಲದಿಂದ ಹೊಳೆಯ ಕಡೆ ಇದ್ದ ಇಳುಕಲು, ಹೊಳೆಯ ಮಟ್ಟ ಏರಿದಾಗ ತಿರುಗುತ್ತದೆ. ಹೊಳೆಯೇ ದಂಡೆಯ ಬಾವಿಗಳನ್ನು ಪೋಷಿಸತೊಡಗುತ್ತದೆ. ಇದು ದೊಡ್ಡ ಉಪಕಾರ.

ಆದರೆ ನೀರು ಬಂದ ಹೊಲದಲ್ಲಿ ಅಳತೆಯಿಲ್ಲದೆ ಹಾಯಿಸಿದಾಗ ಉಪಕಾರವೇ ಅಪಕಾರವಾಗುತ್ತದೆ. ಎರೆಮಣ್ಣಿನ ಜಲವಾಹಕತೆ ತೀರ ಕಡಿಮೆ. ಹಾಯಿಸಿದ ನೀರಿನಲ್ಲಿ ಬೆಳೆ ಕುಡಿದು ಉಳಿದುದು ಮೆಲ್ಲನೆ ಇಳಿದು, ಕೆಳಗಿನ ಬಿಗಿ ಪದರದ ಮೇಲೆ ನಿಂತು, ವರ್ಷದಿಂದ ವರ್ಷಕ್ಕೆ ಮೇಲಕ್ಕೇರುತ್ತದೆ. ಪಕ್ಕಕ್ಕೆ ಬಸಿದುಹೋಗಲು ಇಳುಕಲೂ ಇಲ್ಲ, ವಹನಶಕ್ತಿಯೂ ಇಲ್ಲ. ನೀರಿನ ಮಟ್ಟವು ನೆಲದಿಂದ ಎರಡು ಮೀಟರಿನೊಳಗೆ ಬಂದಿತೆಂದರೆ ಭೂಮಿಯು ಜವಳಾಯಿತೆಂದು ತಜ್ಞರು ಎಣಿಸುತ್ತಾರೆ. ಆಗ ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ ಮಣ್ಣಿನ ಸೂಕ್ಷ್ಮ ಸಂದುಗಳಲ್ಲಿ ನೀರು ಮೇಲೇರುತ್ತದೆ. ಬಿಸಿಲು ನೀರನ್ನು ಒಯ್ಯುತ್ತದೆ; ಉಪ್ಪನ್ನು ಬಿಟ್ಟುಹೋಗುತ್ತದೆ. ನೆಲದ ಮೇಲೆ ಬಿಳಿಯ ಹೊದಿಕೆ ಮೂಡುತ್ತದೆ. ಇದೇ ಸವಳು.

ಪರಿಹಾರವೂ ಈ ಕಾರಣದಲ್ಲಿಯೇ ಅಡಗಿದೆ. ಮೊದಲನೆಯದು, ಹನಿ ನೀರಾವರಿಯೇ ಮುಂತಾದ ಕ್ರಮಗಳಿಂದ ಬೆಳೆಗೆ ಬೇಕಾದಷ್ಟೇ ನೀರು ಕೊಡುವುದು. ಎರಡನೆಯದು, ಬಸಿಗಾಲುವೆಗಳಿಂದಲೂ ನೆಲದೊಳಗೆ ಹುಗಿದ ರಂಧ್ರದ ಕೊಳವೆಗಳಿಂದಲೂ ನಿಂತ ನೀರಿಗೆ ದಾರಿ ಮಾಡುವುದು; ಇದು ಒಬ್ಬನ ಹೊಲದಲ್ಲಿ ಮಾತ್ರ ಆಗುವ ಕೆಲಸವಲ್ಲ, ಹಳ್ಳದವರೆಗಿನ ಎಲ್ಲರೂ ಒಪ್ಪಬೇಕು. ಮೂರನೆಯದು, ಕಾಲುವೆಯ ಮೊದಲ ಭಾಗದವರು ನೀರಿನ ಗುಣವನ್ನು ಪರೀಕ್ಷಿಸಿಕೊಂಡು ತಮ್ಮ ಬಾವಿಯ ನೀರನ್ನೂ ಬಳಸಿ, ಕಾಲುವೆಯ ನೀರನ್ನು ಕೊನೆಯ ಭಾಗದವರಿಗೆ ಬಿಡುವುದು. ಹೀಗೆ ಮಾಡಿದರೆ ಮೇಲಿನವರ ಜವಳೂ ಇಳಿಯುತ್ತದೆ, ಕೆಳಗಿನವರ ಕೊಳವೆಬಾವಿಯ ಮೇಲಿನ ಭಾರವೂ ಇಳಿಯುತ್ತದೆ. ಎರಡು ಅಳಲುಗಳಿಗೆ ಒಂದೇ ಮದ್ದು ಇದು. ನೀರು ಕಡಿಮೆಯಾದುದಕ್ಕಿಂತ ಹಂಚಿಕೆ ತಪ್ಪಿದುದೇ ಇಲ್ಲಿ ಹೆಚ್ಚಿನ ದೋಷ.

ಮಲಿನತೆಯ ವೇಗ

ಅಲ್ಪ ಸಂಗ್ರಹದ ಇನ್ನೊಂದು ಪರಿಣಾಮವು ಊರಿನವರಿಗೆ ಸಂಬಂಧಿಸಿದುದು. ಜಲವಾಹಕತೆ ದಿನಕ್ಕೆ ಒಂದು ಮೀಟರು, ಇಳುಕಲು ನೂರಕ್ಕೆ ಒಂದು ಎಂದಿಟ್ಟುಕೊಳ್ಳೋಣ. ಹರಿಯಗೊಡುವ ಸಂದುಗಳು ಶೇಕಡಾ ೨೦ ಇರುವ ಮರಳಿನಲ್ಲಿ ನೀರು ವರ್ಷಕ್ಕೆ ಸುಮಾರು ೧೮ ಮೀಟರು ಚಲಿಸುತ್ತದೆ. ಅವು ಶೇಕಡಾ ೨ ಮಾತ್ರ ಇರುವ ಬಿರುಕು ಶಿಲೆಯಲ್ಲಿ ಅದೇ ಪ್ರಮಾಣದ ನೀರು ಇಕ್ಕಟ್ಟಾದ ದಾರಿಯಲ್ಲಿ ನುಗ್ಗಬೇಕಾದುದರಿಂದ ವರ್ಷಕ್ಕೆ ಸುಮಾರು ೧೮೦ ಮೀಟರು ಚಲಿಸುತ್ತದೆ. ಮರಳು ಸೋಸುತ್ತದೆ; ಬಿರುಕು ಸೋಸುವುದಿಲ್ಲ. ಆದಕಾರಣ ಚರಂಡಿಯ ನೀರನ್ನಾಗಲಿ, ನೂಲಿಗೆ ಬಣ್ಣ ಹಾಕಿ ಉಳಿದ ನೀರನ್ನಾಗಲಿ, ಬತ್ತಿದ ಬಾವಿಗೆ ಬಿಡುವುದು ನೆರೆಯವನ ಕುಡಿಯುವ ನೀರಿಗೆ ನೇರವಾಗಿ ಬೆರೆಸಿದಂತೆಯೇ ಸರಿ. ಇಂಗಿಸಬೇಕಾದುದು ಮಳೆಯ ಶುದ್ಧ ನೀರನ್ನು ಮಾತ್ರ, ಅದನ್ನೂ ಮರಳು-ಜಲ್ಲಿಗಳ ಮೂಲಕ ಸೋಸಿ.

ಶಾಲೆಯ ಅಂಗಳದಲ್ಲಿ ಮಾಡಬಹುದಾದ ಅಳತೆ

ಜಲಧರದ ಗುಣಗಳನ್ನು ಅಳೆಯುವುದು ದೊಡ್ಡ ಸಂಸ್ಥೆಗಳಿಗಷ್ಟೇ ಸಾಧ್ಯವೆಂದು ಭಾವಿಸಬೇಕಾಗಿಲ್ಲ. ೧೯೭೦ರಲ್ಲಿ ಆ ಹೆಸರಿನಿಂದ ರೂಪುಗೊಂಡ ಕೇಂದ್ರ ಅಂತರ್ಜಲ ಮಂಡಳಿಯು ದೇಶದಲ್ಲೆಲ್ಲ ಗೊತ್ತುಪಡಿಸಿದ ಬಾವಿಗಳ ನೀರಿನ ಮಟ್ಟವನ್ನು ವರ್ಷಕ್ಕೆ ನಾಲ್ಕು ಬಾರಿ ಅಳೆಯುತ್ತದೆ. ೨೦೧೨ರಿಂದ ಜಲಧರಗಳ ನಕ್ಷೆಗಳನ್ನು ತಯಾರಿಸುವ ಕಾರ್ಯವನ್ನೂ ಕೈಕೊಂಡಿತು. ಆದರೆ ಪ್ರತಿಯೊಂದು ಊರಿನ ಪ್ರತಿಯೊಂದು ಬಾವಿಯನ್ನು ಅದು ಮುಟ್ಟಲಾರದು. ಗಂಟು ಹಾಕಿದ ಹಗ್ಗ, ಒಂದು ಗಡಿಯಾರ, ಒಂದು ವಹಿ, ಇಷ್ಟಿದ್ದರೆ ಪ್ರೌಢಶಾಲೆಯ ವಿದ್ಯಾರ್ಥಿಗಳೂ ಈ ಕೆಲಸವನ್ನು ಮಾಡಬಲ್ಲರು.

ಆರು ಮೀಟರು ಅಡ್ಡಳತೆಯ ಒಂದು ತೆರೆದ ಬಾವಿ ಇದೆ ಎಂದು ತಿಳಿಯಬಹುದು. ಅದರ ಬಾಯಿಯ ವಿಸ್ತೀರ್ಣ ಸುಮಾರು ೨೮.೩ ಚದರ ಮೀಟರು. ಪಂಪು ನಿಲ್ಲಿಸಿದ ಮೇಲೆ ಹತ್ತು ತಾಸುಗಳಲ್ಲಿ ನೀರು ಒಂದೂವರೆ ಮೀಟರು ಏರಿದರೆ, ಶಿಲೆಯು ಆ ಅವಧಿಯಲ್ಲಿ ಕೊಟ್ಟ ನೀರು ಸುಮಾರು ೪೨ ಸಾವಿರ ಲೀಟರು. ತಾಸಿಗೊಮ್ಮೆ ಅಳೆದರೆ ಏರಿಕೆ ಮೊದಲು ಚುರುಕಾಗಿಯೂ ಆಮೇಲೆ ಮಂದವಾಗಿಯೂ ಇರುವುದು ಕಾಣುತ್ತದೆ. ಮಟ್ಟದ ಅಂತರ ಕಡಿಮೆಯಾದಂತೆ ಹರಿವೂ ಕಡಿಮೆಯಾಗುವುದೆಂಬ ಡಾರ್ಸಿಯ ನಿಯಮವು ಹೀಗೆ ಕಣ್ಣಮುಂದೆಯೇ ಸಿದ್ಧವಾಗುತ್ತದೆ. ತಿಂಗಳಿಗೊಮ್ಮೆ ಮಟ್ಟವನ್ನೂ, ಮಳೆಮಾಪಕದಿಂದ ಮಳೆಯನ್ನೂ ಬರೆದಿಡುತ್ತ ಹೋದರೆ, ಹತ್ತು ವರ್ಷಗಳಲ್ಲಿ ಊರಿಗೆ ತನ್ನದೇ ಆದ ಜಲಚರಿತ್ರೆ ದೊರೆಯುತ್ತದೆ. ಕೊಳವೆಬಾವಿ ಕೊರೆಯಿಸಬೇಕೇ ಬೇಡವೇ, ಯಾವ ಬೆಳೆ ಇಡಬೇಕು ಎಂಬ ಪ್ರಶ್ನೆಗಳಿಗೆ ಕಾಯಿ ಹಿಡಿದು ನೀರು ತೋರಿಸುವವನಿಗಿಂತ ಆ ವಹಿಯೇ ಹೆಚ್ಚು ನಂಬಿಕೆಯ ಉತ್ತರ ಕೊಡುತ್ತದೆ.

ಕೆರೆಯನ್ನು ಕಟ್ಟಿಸುವುದು, ಬಾವಿಯನ್ನು ತೋಡಿಸುವುದು, ಅರವಟ್ಟಿಗೆಯನ್ನಿಡುವುದು ಈ ನಾಡಿನಲ್ಲಿ ಚಿರಕಾಲದಿಂದ ಪುಣ್ಯಕಾರ್ಯಗಳೆನಿಸಿವೆ. ಶಾಸನಗಳೇ ಇದಕ್ಕೆ ಸಾಕ್ಷಿ. ಹೊಸ ಬಾವಿಗಳಿಗೆ ಎಡೆಯಿಲ್ಲದ ಈ ಕಾಲದಲ್ಲಿ ಆ ದಾನಬುದ್ಧಿಯು ಹಳೆಯ ಬಾವಿಯ ಹೂಳೆತ್ತಿಸುವುದರಲ್ಲಿ, ಹಳ್ಳಕ್ಕೆ ಒಡ್ಡು ಹಾಕಿಸುವುದರಲ್ಲಿ, ಶಾಲೆಯ ಮಾಳಿಗೆಯ ಮಳೆನೀರನ್ನು ಸೋಸಿ ನೆಲಕ್ಕಿಳಿಸುವುದರಲ್ಲಿ ಪ್ರವೃತ್ತವಾಗಬೇಕಾಗಿದೆ. ಶೇಕಡಾ ೨ರ ಶಿಲೆಯ ಮೇಲೆ ಬಾಳುವ ಜನರು ಆ ಎರಡನ್ನು ಮೂರು ಮಾಡಲಾರರು; ಅದು ಸೃಷ್ಟಿಯ ನಿಯಮ. ಆ ಎರಡರೊಳಗೆ ಎಲ್ಲರೂ ಬಾಳುವಂತೆ ಹಂಚಿಕೊಳ್ಳುವುದು ಮಾತ್ರ ಅವರ ಕೈಯಲ್ಲಿದೆ. ಅದಕ್ಕೆ ಬೇಕಾದ ತಿಳಿವಳಿಕೆಯು ಶಾಲೆಯ ಬಾವಿಕಟ್ಟೆಯಿಂದಲೇ ಆರಂಭವಾಗಲಿ.